ಮಾವ ಹಿಡಿದ ಹಗ್ಗ

ಸೊರಬದ ಕಡೆಯವಳು ನಾನು. ಶಿಕಾರಿಪುರಕ್ಕೆ ಕೊಡುವಾಗ ಅಪ್ಪ ‘ಹುಡುಗ ಪುರಸಭೇಲಿದಾನೆ’ ಎಂದಷ್ಟೇ ಹೇಳಿದ್ದ. ಬೆಂಕಿ ಆರಿಸೋ ಕೆಲಸ ಅಂತ ಯಾರು ಹೇಳಿದ್ದರು? ಮಾವನ ಅಪ್ಪ, ಮಾವ, ಆಮೇಲೆ ನಮ್ಮನೆಯವರು, ಮೂರು ತಲೆಮಾರೂ ಅದೇ.

ಆಗ ಊರ ತುಂಬ ಹುಲ್ಲಿನ ಮಾಡು, ಇದ್ದದ್ದು ಒಂದೇ ಕೈಪಂಪಿನ ಗಾಡಿ. ಒಂದು ಮನೆ ಹತ್ತಿಕೊಂಡರೆ, ಬೆಂಕಿ ಹಬ್ಬದ ಹಾಗೆ ಒಬ್ಬ ಪಕ್ಕದ ಮನೆಯ ಮಾಡು ಏರಿ ಹುಲ್ಲು ಕಿತ್ತೆಸೆಯಬೇಕು. ಅವನ ಸೊಂಟಕ್ಕೊಂದು ಹಗ್ಗ. ಮಾಡು ಕುಸಿದರೆ ಎಳೆದುಕೊಳ್ಳಲಿಕ್ಕೆ ಅದರ ತುದಿ ಕೆಳಗೆ ನಿಂತವನ ಕೈಲಿ. ಹಾಗೆ ತುದಿ ಹಿಡಿಯುವವನು ಮನೆಯವನೇ ಆಗಬೇಕು, ಹೊರಗಿನವರು ಬೆಂಕಿ ಕಂಡರೆ ಬಿಟ್ಟು ಓಡುತ್ತಾರೆ ಅಂತ ಇವರ ಲೆಕ್ಕ. ನಮ್ಮನೆಯವರ ಹಗ್ಗ ಹಿಡಿಯುತ್ತಿದ್ದದ್ದು ಮಾವ.

ಮಾವನ ಬಲಗೈ ಬೆರಳು ಮಡಚುತ್ತಿರಲಿಲ್ಲ. ಲೋಟ ಜಾರುತ್ತಿತ್ತು, ಅತ್ತೆಯೇ ಅನ್ನ ಕಲಸಿಕೊಡುತ್ತಿದ್ದರು. ನಮ್ಮನೆಯವರಿಗೂ ಗೊತ್ತಿತ್ತು. ‘ಹಗ್ಗ ಬಿಡಿ ಅಂದ್ರೆ ಅಪ್ಪ ಎದೆ ಒಡ್ಕೊಂಡು ಸಾಯ್ತಾರೆ, ಸುಮ್ನಿರು’ ಅಂದರು. ಅಪ್ಪನ ಮರ್ಯಾದೆಗೆ ತನ್ನ ಜೀವ ಒತ್ತೆ ಇಡೋ ಗಂಡಸಿಗೆ ಏನು ಹೇಳೋದು?

ರಾಜ್ಯ ಒಂದಾದ ಮರುವರ್ಷದ ಬೇಸಿಗೆ. ಮಟಮಟ ಮಧ್ಯಾಹ್ನ ಪುರಸಭೆ ಗಂಟೆ ಹೊಡೆಯಿತು. ತುಂಬಿದ ಬಸುರಿ ನಾನು, ಅತ್ತೆ ಬೈದರೂ ಕೇಳದೆ ಅಪ್ಪ-ಮಗನ ಹಿಂದೆಯೇ ಹೋದೆ. ನಮ್ಮನೆಯವರು ಆಗಲೇ ಉರಿಯುವ ಮನೆಯ ಪಕ್ಕದ ಮಾಡಿಗೆ ಏಣಿ ಹತ್ತುತ್ತಿದ್ದರು. ಅಷ್ಟು ಜನರೆದುರು ಅಂದೇಬಿಟ್ಟೆ, ‘ಮಾವಾ, ಹಗ್ಗ ಬೇರೆಯವರಿಗೆ ಕೊಡಿ. ನಿಮ್ಮ ಕೈಲಾಗಲ್ಲ.’

ಮಾವ ನನ್ನ ಮುಖ ನೋಡಲಿಲ್ಲ. ಹಗ್ಗದ ತುದಿಯನ್ನು ತಮ್ಮ ಸೊಂಟಕ್ಕೇ ಸುತ್ತಿಕೊಂಡು, ‘ಗಂಟು ನೀನು ಹಾಕವ್ವ’ ಅಂದರು. ಹಾಕಿದೆ.

ಸ್ವಲ್ಪ ಹೊತ್ತಿಗೆ ಆ ಮಾಡೂ ಹತ್ತಿಕೊಂಡು ಕುಸಿಯಿತು. ನಮ್ಮನೆಯವರು ಹೊಗೆಯೊಳಗೆ ಕಾಣದಾದರು. ಮಾವ ಬಿದ್ದು, ನೆಲದ ಮೇಲೆ ಗೋಡೆಯ ತನಕ ಎಳೆಸಿಕೊಂಡು ಹೋದರು, ಜಗಲಿಗೆ ಕಾಲು ಕೊಟ್ಟು ತಡೆದರು. ಗಂಟು ಬಿಚ್ಚೀತೇನೋ ಅನ್ನಿಸಿತು. ನಾನೂ ಹಗ್ಗಕ್ಕೆ ಜೋತುಬಿದ್ದೆ. ಆಮೇಲೆ ನಾಲ್ಕು ಜನ ಕೈಹಾಕಿದರು. ನಮ್ಮನೆಯವರು ಸುಟ್ಟ ಅಂಗಾಲಲ್ಲಿ ಹೊರಗೆ ಬಂದರು.

ಸಂಜೆ ಮಾವ ಸೊಂಟದ ಬಾಸುಂಡೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, ‘ಇನ್ನು ಹಗ್ಗ ನೀನೇ ಹಿಡಿಯವ್ವ’ ಅಂದರು. ತಮಾಷೆ ಅಂದುಕೊಂಡು ಅತ್ತೆ ನಕ್ಕರು. ಮಾವ ನಗಲಿಲ್ಲ.

ಮುಂದಿನ ಬೆಂಕಿಗೆ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ನಾನೇ ಹೋದೆ. ನಡುಗುತ್ತಲೇ ಹಿಡಿದೆ. ಮನೇಲಿ ಕೂತು ನಡುಗೋದಕ್ಕಿಂತ ಅದೇ ವಾಸಿಯಿತ್ತು.