ಇಳಿಸದೆ ಪಾಸಾದ ಮೊಮ್ಮಗಳು

ಬಸವೇಶ್ವರನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಾರೆಂದರೆ ನಾನಂತೂ ನಂಬುವವಳಲ್ಲ. ಮೋಸವೆನಿಸಿದರೆ ಮೊಮ್ಮಗಳನ್ನು ಅಂದೇ ಬಿಡಿಸುವುದೆಂದು ಜೊತೆಗೆ ಹೋಗಿ, ಸಿಮ್ಯುಲೇಟರ್ ಎಂಬ ನಕಲಿ ವಿಮಾನದಲ್ಲಿ ಅವಳ ಹಿಂದೆಯೇ ಕೂತೆ. ಎದುರಿನ ಪರದೆ ಪೂರ್ತಿ ಬೆಳ್ಳಗಿತ್ತು.

"ಇದೇನ್ರೀ, ಟೀವಿ ಕೆಟ್ಟಿದೆಯಾ?" ಎಂದೆ.

"ಮೋಡ, ಆಂಟಿ. ಮೀಟರ್ ನೋಡ್ಕೊಂಡೇ ಕೆಳಗೆ ತರ್ಬೇಕು," ಎಂದರು ಮೇಷ್ಟ್ರು.

ಅನುಕೂಲಕ್ಕೆ ತಕ್ಕ ಮೋಡ ಎಂದುಕೊಂಡೆ. ಮೊಮ್ಮಗಳು ಮುಳ್ಳುಗಳಿಂದ ಕಣ್ಣು ಕೀಳದೆ ವಿಮಾನವನ್ನು ಕೆಳಗೆ ತಂದಳು. ಇನ್ನೇನು ಇಳಿಯಿತು ಎನ್ನುವಾಗ, "ರನ್‌ವೇ ಕಾಣ್ತಾ ಇಲ್ಲ, ಮೇಲೆ ಹೋಗ್ತೀನಿ," ಎಂದು ಮತ್ತೆ ಏರಿಸಿಬಿಟ್ಟಳು.

"ವೆರಿ ಗುಡ್, ಪಾಸ್!" ಎಂದರು ಮೇಷ್ಟ್ರು.

"ಇಳಿಸದೇ ಇದ್ರೂ ಪಾಸಾ?"

"ಇಷ್ಟು ಕೆಳಗೆ ಬಂದ್ರೂ ರನ್‌ವೇ ಕಾಣದಿದ್ರೆ ಇಳಿಸೋ ಆಸೆ ಬಿಡ್ಬೇಕು ಆಂಟಿ. ಬಿಡದೇ ಇದ್ದೋರು ಫೇಲ್."

ನಾನು ಬಿ.ಎಸ್ಸಿ. ಓದಿದವಳು, ಉತ್ತರ ಬರೆಯದೆ ಪಾಸಾದವರನ್ನು ಕಂಡಿಲ್ಲ. ಆದರೂ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಕಲಿಯಲಿ ಎಂದು ಬಿಟ್ಟೆ.

ಮುಂದಿನ ಭಾನುವಾರ ವಿಜಯನಗರದ ಹುಡುಗನ ಮನೆಯವರು ಅವಳನ್ನು ನೋಡಿಕೊಂಡು ಹೋದರು. ಹುಡುಗನ ಜಾತಕ, ಓದು, ಕೆಲಸ ಎಲ್ಲವನ್ನೂ ನಾನೇ ವಿಚಾರಿಸಿ ಫೈಲು ಮಾಡಿಟ್ಟಿದ್ದೆ. "ಏನಂತೀಯೇ?" ಎಂದು ಕೇಳಿದೆ.

"ರನ್‌ವೇ ಕಾಣ್ತಾ ಇಲ್ಲ ಅಜ್ಜಿ," ಎಂದಳು.

ಆ ಮೇಷ್ಟ್ರ ಮೇಲೆ ನನಗೆ ಅನುಮಾನ ಸುಮ್ಮನೆ ಬಂದಿರಲಿಲ್ಲ.