ಜಂತಿ ಎಣಿಸುವ ಬಿರಾದಾರ ಸಾಹೇಬರು

ಬಿರಾದಾರ ಸಾಹೇಬರು ಯಾರ ಮನೆಯೊಳಗೆ ಕಾಲಿಟ್ಟರೂ ಮೊದಲು ತಲೆ ಎತ್ತಿ ಸೂರು ನೋಡುತ್ತಿದ್ದರು. ಎದುರಿಗೆ ಮನೆಯೊಡತಿ ಕೈಮುಗಿದು ನಿಂತಿರಲಿ, ಜೋಲಿಯಲ್ಲಿ ಕೂಸು ಅಳುತ್ತಿರಲಿ, ಅವರ ಕಣ್ಣು ತಗಡಿನಿಂದ ಜಂತಿಗೆ, ಜಂತಿಯಿಂದ ಗೋಡೆಗೆ ಇಳಿದು, ಎಲ್ಲ ಮುಗಿದ ಮೇಲೆ ನಮ್ಮ ಮುಖಕ್ಕೆ ಬರುತ್ತಿತ್ತು. ಮೊದಮೊದಲು ಪಾಪ, ಈ ಮನುಷ್ಯನಿಗೆ ಕುತ್ತಿಗೆ ಹಿಡಿದಿರಬೇಕು ಅಂದುಕೊಂಡಿದ್ದೆ. ಕನ್ಯೆ ನೋಡಲು ಹೋದಾಗಲೂ ಹುಡುಗಿಗಿಂತ ಮೊದಲು ಅವಳ ಮನೆಯ ತೊಲೆ ನೋಡಿದ್ದರಂತೆ. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ವಾರ್ಡ್ ಆಫೀಸಿನಲ್ಲಿ ಅವರದು ಮನೆಗಳ ಅಳತೆ ತೆಗೆದು ಬೆಲೆ ಕಟ್ಟುವ ಕೆಲಸ. ಆ ಬೆಲೆಯ ಮೇಲೆ ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ನಿಲ್ಲುತ್ತದೆ. ಯಾವುದು ಸಕ್ರಮ, ಯಾವುದು ಪರವಾನಗಿ ಇಲ್ಲದ್ದು ಎಂದು ಬರೆಯುವವರೂ ಅವರೇ. ಹೀಗಾಗಿ ಮುಂಬೈಯ ಭಾಂಡುಪ್ ಗುಡ್ಡದ ಮೇಲಿನ ನಮ್ಮ ಓಣಿಯಲ್ಲಿ ಅವರು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಹೆಂಗಸರೆಲ್ಲ ಅಟ್ಟದ ಮೇಲಿನ ಹಾಸಿಗೆ ಕೆಳಗೆಳೆಯುತ್ತಿದ್ದರು. ಆರಡಿ ಹತ್ತಿರದ ಆಳು, ಬಿಳಿ ಶರ್ಟು, ಕಂಕುಳಲ್ಲಿ ಟೇಪು. ಇಂಡಿ ತಾಲೂಕಿನ ಕಡೆಯವರು. ಜಗತ್ತಿನೊಂದಿಗೆಲ್ಲ ಮರಾಠಿ, ನಮ್ಮ ಬಾಗಿಲಿಗೆ ಬಂದರೆ ಮಾತ್ರ ಅಚ್ಚ ವಿಜಾಪುರದ ಮಾತು.

ನಮ್ಮ ಅತ್ತೆ ಗಂಗವ್ವ, ಸಾಹೇಬರಿಗೆ ಒಂದು ಕಪ್ ಚಹಾ ಕುಡಿಸಬೇಕೆಂದು ಹಟ ತೊಟ್ಟಿದ್ದರು. "ಸಾಹೇಬ್ರ, ನಮ್ಮ ಕಡಿಯವರದೀರಿ. ಒಂದ್ ಗುಟುಕು ಚಾ ಕುಡದ್ರ ನಿಮ್ಮ ನೌಕರಿ ಏನ್ ಹೋಗಾಂಗಿಲ್ಲ" ಅನ್ನುವರು.

"ಯವ್ವಾ, ಉಂಡ ಮನಿ ಜಂತಿ ಎಣಸಬಾರದು ಅಂತ ನಮ್ಮವ್ವ ಕಲಿಸ್ಯಾಳ. ನನಗ ಸರಕಾರ ಪಗಾರ ಕೊಡೂದ ಜಂತಿ ಎಣಸಾಕ. ಅದಕ್ಕ ಉಣ್ಣೂದ ಬಿಟ್ಟೀನಿ."

ಚಹಾ ಹೋಗಲಿ, ನೀರೂ ಇಲ್ಲ. ಒದ್ದೆ ಕರವಸ್ತ್ರ ಸುತ್ತಿದ ಬಾಟಲಿ ಚೀಲದಲ್ಲಿರುತ್ತಿತ್ತು. ಅಳತೆ ಮುಗಿದ ಮೇಲೆ ನಮ್ಮ ಹೊಸ್ತಿಲಿನ ಹೊರಗಡೆ, ಮೆಟ್ಟಿಲ ಮೇಲೆ ಕೂತು ತಮ್ಮ ನೀರು ತಾವೇ ಕುಡಿಯುವರು. ಹೊಸ್ತಿಲಾಚೆ ಕೂತರೆ ಮನೆಯೊಳಗೆ ಕೂತಂತಲ್ಲ ಎಂಬುದು ಅವರ ಕಾಯಿದೆ. ಅಲ್ಲಿ ಕೂತರೆಂದರೆ ಮಾತಿಗೆ ಬರವಿಲ್ಲ.

ಒಮ್ಮೆ ಪವಾಯಿಯ ಯಾವುದೋ ಎತ್ತರದ ಕಟ್ಟಡದಲ್ಲಿ ಫ್ಲ್ಯಾಟ್ ಅಳೆದು ನೇರ ನಮ್ಮ ಓಣಿಗೆ ಬಂದಿದ್ದರು. ಅಲ್ಲಿನ ಮನೆಯೊಡತಿ ಕಿಟಕಿ ತೆರೆದು, ಇದು ಲೇಕ್ ವ್ಯೂ, ಇದನ್ನು ಬೆಲೆಗೆ ಸೇರಿಸಬೇಡಿ ಎಂದು ಗೋಗರೆದಳಂತೆ. "ನಾನೂ ಕಿಟಕ್ಯಾಗ ಹಣಿಕಿ ನೋಡಿದೆ. ಕೆರಿ ಕಂಡ್ತು. ಅದರಾಚೆ ಗುಡ್ಡದ ಮ್ಯಾಲೆ ನಿಮ್ಮ ಓಣಿ ತಗಡೂ ಕಂಡುವು. ಬಾಯಾರ, ಕೆರಿ ಬಿಟ್ಟ ಬಿಡ್ತೀನಿ, ಆ ಓಣಿ ಕಾಣತೈತಲ್ಲ, ಅದನ್ನ ಬರಕೊಳ್ಳಲೇನು ಅಂತ ಕೇಳಿದೆ. ಪರದೆ ಎಳದಬಿಟ್ಲು!" ಎಂದು ಮೊಣಕಾಲು ಬಡಿದುಕೊಂಡು ನಕ್ಕರು. ಆಮೇಲೆ ಬಾಟಲಿಯ ಮುಚ್ಚಳ ತಿರುವುತ್ತ ಹೇಳಿದರು: "ಮನೆಪಟ್ಟಿ ಅಂದ ಕೂಡಲೆ ಎಲ್ಲಾರ ಮನಿನೂ ಗುಬ್ಬಿ ಗೂಡು. ಪರಿಹಾರ ಅಂತ ಬರ್ಲಿ, ಎಲ್ಲಾರದೂ ದೇಸಾಯರ ವಾಡೆ." ಆ ದಿನ ನಾನೂ ನಕ್ಕಿದ್ದೆ. ಆ ಮಾತು ನಮ್ಮ ಮನೆಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಆದರೆ ನಾನು ಅವರನ್ನು ಮೊದಲ ಸಲ ಕಂಡದ್ದು ಅದಕ್ಕೂ ಬಹಳ ಹಿಂದೆ, ಮದುವೆಯಾಗಿ ಗೋಕಾಕಿನಿಂದ ಭಾಂಡುಪಿಗೆ ಬಂದ ಹೊಸದರಲ್ಲಿ. ಮನೆಯೆಂದರೆ ಒಂದೇ ಖೋಲಿ. ಅದರಲ್ಲಿ ಅತ್ತೆ, ಭಾವ, ನೆಗೆಣ್ಣಿ, ಅವರ ಮಕ್ಕಳು. ಹೊಸ ಜೋಡಿಗೆಂದು ನನ್ನ ಗಂಡ ಮೇಲಿನ ತಗಡು ಎತ್ತರಿಸಿ, ಹಲಗೆ ಬಡಿದು ಒಂದು ಅಟ್ಟ ಮಾಡಿದ್ದರು. ಮುಂಬೈಯವರು ಅದಕ್ಕೆ ಪೋಟ್‌ಮಾಳಾ ಅನ್ನುತ್ತಾರೆ. ಆಳು ನೆಟ್ಟಗೆ ನಿಂತರೆ ತಲೆ ತಾಗಿತೋ, ಅದು ಸಾಮಾನಿಡುವ ಅಟ್ಟ, ಯಾರೂ ಕೇಳುವುದಿಲ್ಲ. ತಾಗಲಿಲ್ಲವೋ, ಅದು ಇನ್ನೊಂದು ಮನೆ. ಪರವಾನಗಿ ಇಲ್ಲದೆ ಕಟ್ಟಿದ ಮನೆ. ಕೆಳಗಿನ ಓಣಿಯಲ್ಲಿ ಅಂಥವನ್ನು ಒಡೆಯಲು ಆಗಲೇ ಶುರು ಮಾಡಿದ್ದರು. ಕತ್ತಲ ಅಟ್ಟಗಳಲ್ಲಿ ಟೇಪು ಬಿಚ್ಚಲು ಬಾರದೆ ಬಿರಾದಾರ ಸಾಹೇಬರು ತಮ್ಮ ತಲೆಯನ್ನೇ ಅಳತೆಗೋಲು ಮಾಡಿಕೊಂಡಿದ್ದರು.

ಅವರು ಬಂದಾಗ ನಾನು ಅಟ್ಟದ ಮೇಲಿದ್ದೆ. ಕನ್ನಡಿ ಬಚ್ಚಿಡು, ಸೀರೆ ತೆಗಿ ಎಂದು ಅತ್ತೆ ಕೆಳಗಿನಿಂದ ಪಿಸುಗುಡುವಷ್ಟರಲ್ಲಿ ಏಣಿಯ ಮೇಲೆ ಅವರ ತಲೆ ಕಂಡಿತು. ನಾನು ಟ್ರಂಕಿನ ಮಗ್ಗುಲಿಗೆ ಮುದುರಿ ಕೂತೆ. ಅವರು ಸೂರು ನೋಡಿದರು. ಹಗ್ಗದ ಮೇಲಿನ ಸೀರೆ ನೋಡಿದರು, ಕನ್ನಡಿಗೆ ನಾನು ಅಂಟಿಸಿದ್ದ ಹಣೆಯ ಟಿಕಳಿ ನೋಡಿದರು, ಕೊನೆಗೆ ನನ್ನ ಕೈಯ ಹಸಿರು ಬಳೆ.

"ಯಾವಾಗ ಆತು ತಂಗಿ ಮದಿವಿ?"

"ಈಗ ವೈಶಾಖದಾಗ್ರೀ."

ನನಗೆ ಬೆನ್ನು ಮಾಡಿ ನೆಟ್ಟಗೆ ನಿಂತರು. ತಗಡಿಗೂ ಅವರ ತಲೆಗೂ ನಡುವೆ ಬೆಳಕು ಕಾಣುತ್ತಿತ್ತು. ಮುಗಿಯಿತು ನಮ್ಮ ಸಂಸಾರ ಎಂದು ನಾನು ಕಣ್ಣು ಕೆಳಗೆ ಹಾಕಿದೆ. ಹಾಗೆ ಹಾಕಿದ್ದರಿಂದಲೇ ಕಂಡೆ: ಅವರ ಎರಡೂ ಹಿಮ್ಮಡಿ ಹಲಗೆಯಿಂದ ಮೆಲ್ಲಗೆ ಮೇಲೆದ್ದವು. ಬಿರುಕು ಬಿಟ್ಟ ಹಿಮ್ಮಡಿಗಳು. ತೂಕ ತಡೆಯದೆ ನಡುಗುತ್ತಿದ್ದವು. ಮೇಲೆ ತಗಡು ಡಬ್ ಎಂದಿತು. "ಡೋಕಂ ಲಾಗ್ತಂಯ. ಸಾಮಾನಾಚಾ ಮಾಳಾ. ಲಿಹೂನ್ ಘೇ" ಎಂದು ಕೆಳಗಿದ್ದ ಸಿಪಾಯಿಗೆ ಕೂಗಿದರು. ತಲೆ ತಾಗುತ್ತದೆ, ಸಾಮಾನಿನ ಅಟ್ಟ, ಬರೆದುಕೋ ಅಂತ.

ಅಟ್ಟದ ಮೇಲೆ ನನ್ನ ಹೊರತು ಯಾರೂ ಇರಲಿಲ್ಲ. ಸುಮ್ಮನೆ ಕೂಗಿಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಆ ಮನುಷ್ಯನಿಗೆ ಬಾಯಲ್ಲಿ ಸುಳ್ಳು ಬರುತ್ತಿರಲಿಲ್ಲ. ತಲೆ ನಿಜವಾಗಿ ತಾಗಿದ ಮೇಲೆಯೇ ತಾಗಿತೆಂದು ಹೇಳಿದರು. ಪಕ್ಕದ ಜಾಧವ್ ತಮ್ಮ ಅಟ್ಟವನ್ನು ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಅದೇ ದಿನ ಸಪಾಟಾಗಿ ಕಾಲೂರಿ ನಿಂತು, ತಾಗುವುದಿಲ್ಲವೆಂದು ಬರೆಸಿದರು. ಜಾಧವ್ ಕೋರ್ಟು ಕಚೇರಿ ಅಲೆದು, ದಂಡ ಕಟ್ಟಿ, ಹೇಗೋ ಅಟ್ಟ ಉಳಿಸಿಕೊಂಡರು. ಸಾಹೇಬರನ್ನು ಕಂಡರೆ ಉಗುಳುತ್ತಿದ್ದರು.

ನಮ್ಮ ಸಂಸಾರ ಆ ಅಟ್ಟದ ಮೇಲೆಯೇ ಬೆಳೆಯಿತು. ಮಗಳು ಅಲ್ಲೇ ಅಂಬೆಗಾಲಿಟ್ಟಳು. ಪವಾಯಿಯ ಆಫೀಸಿನ ರಿಸೆಪ್ಷನ್ನಿನಲ್ಲಿ ನನಗೆ ಕೆಲಸ ಸಿಕ್ಕಿತು. ಹಗಲೆಲ್ಲ ಗಾಜಿನ ಎತ್ತರದ ಸೂರಿನ ಕೆಳಗೆ ಕೂತು ಸಂಜೆ ಏಣಿ ಹತ್ತಿ ಮಲಗಿದರೆ ಹಾಯೆನಿಸುತ್ತಿತ್ತು. ಸುಳ್ಳೇಕೆ ಹೇಳಲಿ, ಅದರಷ್ಟು ನನ್ನದೆನಿಸಿದ ಜಾಗ ತವರಿನಲ್ಲೂ ಇರಲಿಲ್ಲ.

ಆಮೇಲೆ ರಸ್ತೆ ಅಗಲ ಮಾಡುವ ಕಾಮಗಾರಿ ಬಂತು. ನಮ್ಮ ಸಾಲು ಪೂರ್ತಿ ಹೋಗಬೇಕು. ಈ ಸಲ ಅಳೆಯಲು ಬಂದವರು ಎಳೆಯ ಹುಡುಗರು. ಗೋಡೆಯ ಮೇಲೆ ಕೆಂಪು ಚುಕ್ಕೆ ಬಿಡುವ ಯಂತ್ರ ತಂದಿದ್ದರು. ಆ ಯಂತ್ರ ನಮ್ಮ ಅಟ್ಟದ ಎತ್ತರ ಸರಿಯಾಗಿಯೇ ಹೇಳಿತು. ಉಪಯೋಗವೇನು? ಹಳೆಯ ದಾಖಲೆಯಲ್ಲಿ ಮನೆಯೆಂದು ಇದ್ದದ್ದಕ್ಕೆ ಮಾತ್ರ ಬದಲಿ ಮನೆ ಎಂದರು. ದಂಡ ಕಟ್ಟಿದ ಜಾಧವರಿಗೆ ಎರಡು ಮನೆ ಸಿಕ್ಕವು. ನಮಗೆ ಮಾನಖುರ್ದ್ ಕಡೆ ಒಂದೇ ಒಂದು. ಅದು ಅತ್ತೆಯ ಹೆಸರಿಗೆ, ಅವರೊಂದಿಗೆ ಭಾವನ ಸಂಸಾರ. ನಾವು ಮೂವರು ಎಲ್ಲಿಗೆ ಹೋಗಬೇಕೆಂದು ಯಾವ ಕಾಗದದಲ್ಲೂ ಇರಲಿಲ್ಲ.

ಅತ್ತೆ ಎದೆ ಬಡಿದುಕೊಂಡರು. "ಉಪಕಾರ ಮಾಡಾಕ ಬಂದು ನನ್ನ ಮನಿ ಎರಡ ಭಾಗ ಮಾಡಿದ್ಯಲ್ಲೋ ಬಿರಾದಾರ! ಆವತ್ತ ಖರೆ ಬರದಿದ್ರ ಏನ್ ಹೋಗ್ತಿತ್ತು ನಿಂದು?" ನನಗೂ ಸಿಟ್ಟು ಬಂದಿತ್ತು. ಈಗಲೂ ಇದೆ. ಆದರೆ ಸಿಟ್ಟು ಮಾಡಿಕೊಳ್ಳಬೇಕೆಂದು ಕೂತರೆ ಆ ನಡುಗುವ ಹಿಮ್ಮಡಿಗಳೇ ಕಣ್ಣೆದುರು ಬಂದು ನಿಲ್ಲುತ್ತವೆ. ಆಗ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಸಾಹೇಬರು ಅಷ್ಟೊತ್ತಿಗೆ ನಿವೃತ್ತರಾಗಿ ಘಾಟ್ಕೋಪರಿನಲ್ಲಿದ್ದರು. ನನ್ನ ಗಂಡ ಹೋಗಿ ವಿಷಯ ಹೇಳಿದ್ದಷ್ಟೇ, ಸಹಾಯವೇನೂ ಬೇಡಲಿಲ್ಲ. ಅಟ್ಟಕ್ಕೂ ಮನೆ ಕೊಡಿ ಎಂದು ಹಾಕಿದ್ದ ಅರ್ಜಿಯ ಅಹವಾಲಿನ ದಿನ ನಾವು ಹೋಗುವ ಮೊದಲೇ ಅವರು ಬಂದು ಬೆಂಚಿನ ಮೇಲೆ ಕೂತಿದ್ದರು, ಒದ್ದೆ ಕರವಸ್ತ್ರದ ಬಾಟಲಿ ಮಡಿಲಲ್ಲಿಟ್ಟುಕೊಂಡು. ಅಧಿಕಾರಿ ಅವರ ಮಗಳ ವಯಸ್ಸಿನವಳು. ಅವಳೆದುರು ನಿಂತು ಮರಾಠಿಯಲ್ಲಿ ಹೇಳಿದರು: ಆ ಅಟ್ಟ ಪೂರಾ ಎತ್ತರದ್ದು. ತಲೆ ತಾಗುವುದಿಲ್ಲ. ತಾಗುತ್ತದೆಂದು ಬರೆಸಿದ್ದು ನಾನು.

"ತಾಗದ ತಲೆ ಹೇಗೆ ತಾಗಿತು?" ಎಂದಳು.

ಅವರು ಸುತ್ತ ನೋಡಿದರು. ಆಮೇಲೆ ಮೇಜಿನ ಅಂಚು ಹಿಡಿದು, ಚಪ್ಪಲಿ ಕಳಚಿ, ಆ ತುಂಬಿದ ಕಚೇರಿಯಲ್ಲಿ ತುದಿಗಾಲ ಮೇಲೆ ನಿಂತರು. "ಅಸಾ ಉಭಾ ಹೋತೋ" ಅಂದರು. ಹೀಗೆ ನಿಂತಿದ್ದೆ. ಹಿಂದೆ ಕೂತವರು ಯಾರೋ ಕಿಸಕ್ಕನೆ ನಕ್ಕರು. ಮುದಿ ಕಾಲು ತಡೆಯದೆ ಅವರು ಒಂದು ಪಕ್ಕಕ್ಕೆ ವಾಲಿದಾಗ ನನ್ನ ಗಂಡ ಓಡಿಹೋಗಿ ರಟ್ಟೆ ಹಿಡಿದರು. ನನಗೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಬರುವುದೊಂದೇ ಉಳಿದಿತ್ತು.

ಅಧಿಕಾರಿ ನಗಲಿಲ್ಲ. ಕೆಟ್ಟ ಹೆಂಗಸೇನೂ ಅಲ್ಲ. ಆಗ ಬರೆದದ್ದು ಸುಳ್ಳು ಅನ್ನುತ್ತೀರಿ, ಈಗ ಹೇಳುವುದನ್ನು ಯಾವ ಆಧಾರದ ಮೇಲೆ ನಿಜ ಅನ್ನಲಿ ಎಂದು ಕೇಳಿದಳಂತೆ. ನಮ್ಮ ಅರ್ಜಿ ಬಿತ್ತು. ಸುಳ್ಳು ಬರೆಸಿದ್ದಕ್ಕೆ ಅವರ ಮೇಲೆ ವಿಚಾರಣೆ ಎದ್ದಿತು. ಇಡೀ ನೌಕರಿಯಲ್ಲಿ ಒಬ್ಬರ ಮನೆಯ ನೀರು ಕುಡಿಯದ ಮನುಷ್ಯನನ್ನು, ಎಷ್ಟು ತಿಂದು ಬರೆದೆ ಎಂದು ಕೇಳುವಂತಾಯಿತು.

ಮೆಟ್ಟಿಲಿಳಿಯುವಾಗ ನನ್ನ ಗಂಡ, "ನಿಮಗ್ಯಾಕ ಬೇಕಾಗಿತ್ರೀ ಇದು? ನಮಗೂ ಉಪಯೋಗ ಆಗಲಿಲ್ಲ" ಅಂದರು.

"ಎತ್ತಿದ ಕಾಲು ಎಂದಾರ ಒಂದಿನ ಇಳಸಬೇಕಲ್ಲೋ ತಮ್ಮಾ" ಎಂದು ಮೆಟ್ಟಿಲ ಕಂಬಿ ಹಿಡಿದು ಇಳಿದರು.

ಈಗ ನಾವು ದಿವಾದಲ್ಲಿ ಬಾಡಿಗೆಗಿದ್ದೇವೆ. ಲೋಕಲ್ ರೈಲಿನಲ್ಲಿ ಬಾಗಿಲ ಹತ್ತಿರ ಜೋತುಬಿದ್ದು ಕೆಲಸಕ್ಕೆ ಹೋಗುವಾಗ ಭಾಂಡುಪ್ ಬಂತೆಂದರೆ ನಾನು ಗುಡ್ಡದ ಕಡೆ ನೋಡುವುದಿಲ್ಲ. ಸಾಹೇಬರ ಫೋನು ಹತ್ತುವುದಿಲ್ಲ. ಸೋಲಾಪುರದ ಮಗಳ ಮನೆಗೆ ಹೋದರೆಂದು ಯಾರೋ ಹೇಳಿದರು, ವಿಚಾರಣೆ ಇನ್ನೂ ನಡೆದಿದೆಯೆಂದೂ ಹೇಳಿದರು.

ಕೊನೆಯ ಸಲ ಅವರನ್ನು ನೋಡಿದ್ದು ಮನೆ ಕೆಡವುವ ಹಿಂದಿನ ದಿನ. ಸಾಮಾನೆಲ್ಲ ಟೆಂಪೋ ಏರಿತ್ತು. ಒಲೆಯೊಂದು ಉಳಿದಿತ್ತು, ಆ ಮನೆಯ ಕಡೆಯ ರೊಟ್ಟಿ ಬಡಿಯುತ್ತ ಅತ್ತೆ ಕೂತಿದ್ದರು. ಸಾಹೇಬರು ಬಂದು ಯಾರನ್ನೂ ಮಾತಾಡಿಸದೆ ಏಣಿ ಹತ್ತಿದರು. ನಾನೂ ಹಿಂದೆ ಹತ್ತಿದೆ. ಖಾಲಿ ಅಟ್ಟದ ನಡುವೆ ಸಪಾಟಾಗಿ ಕಾಲೂರಿ ನಿಂತರು. ತಲೆಯ ಮೇಲೆ ಅಂಗೈ ಅಡ್ಡ ಇಟ್ಟು ತಗಡಿಗೆ ಎಷ್ಟು ಅಂತರವಿದೆ ಎಂದು ನೋಡಿದರು. ಅಂಗೈ ಸಲೀಸಾಗಿ ಆಡಿತು. "ಛಲೋ ಮಾಳಾ ಇತ್ತು ತಂಗಿ" ಎಂದರು.

ಕೆಳಗಿಳಿದಾಗ ಅತ್ತೆ ತಲೆ ಎತ್ತದೆ, "ಉಣ್ಣಾಕ ಬರ್ರಿ ಅಂತ ನಾ ಕರಿಯಾಂಗಿಲ್ಲ. ನೀವು ಉಣ್ಣಾಂವರಲ್ಲ" ಅಂದರು. ದನಿಯಲ್ಲಿ ಬೈಗುಳವಿರಲಿಲ್ಲ.

ಸಾಹೇಬರು ಹೊಸ್ತಿಲ ತನಕ ಹೋದವರು ತಿರುಗಿ ಬಂದು, ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಹಾಕ್ರಿ ಯವ್ವಾ" ಅಂದರು.

ಅತ್ತೆ ಹಂಚಿನ ಮೇಲಿನ ರೊಟ್ಟಿ ಮಗುಚಿದರು. ಆಮೇಲೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಹಾಕಿದರು. ಮತ್ತೊಂದು ರೊಟ್ಟಿ ಹಾಕಿದರು. ಸಾಹೇಬರು ಬೇಡ ಅನ್ನಲಿಲ್ಲ. ನಮ್ಮ ಮನೆಯ ನೀರು ಕುಡಿದರು. ಉಣ್ಣುವಷ್ಟು ಹೊತ್ತೂ ಅವರು ಒಮ್ಮೆಯೂ ತಲೆ ಎತ್ತಿ ಸೂರು ನೋಡಲಿಲ್ಲ.