ಗದ್ದ ಇಳಿದ ಹೊತ್ತು

ಜುವೆನಾಲ್‌ನ ಕೈಹಿಡಿತ ಹಾಲು ಕರೆದು ಬಂದದ್ದು. ತಿಯೆತೆ ನದಿಯ ದಂಡೆಯಲ್ಲಿ ಅವನಪ್ಪ ಬೇರೆಯವರ ದನ ನೋಡಿಕೊಳ್ಳುತ್ತಿದ್ದ. ಆ ಸೀಮೆಯಲ್ಲಿ ಗಟ್ಟಿ ಕೈಯ ಹುಡುಗನಿಗೆ ಎರಡೇ ದಾರಿಯಿದ್ದವು, ಕಬ್ಬು ಕಡಿಯುವುದು ಅಥವಾ ಹೋರಿ ಏರುವುದು. ಕಬ್ಬು ಕಡಿದವರ ಬೆನ್ನು ಬೇಗ ಹೋಗುವುದನ್ನು ಅವನು ಕಣ್ಣಾರೆ ಕಂಡಿದ್ದ. ಹೋರಿ ಏರಿದವರಿಗೆ ಏನು ಹೋಗುತ್ತದೆಂದು ತಿಳಿಯಲು ಕಾಲ ಹಿಡಿಯಿತು.

ಮೂವತ್ತೈದರ ಹೊತ್ತಿಗೆ ಅವನು ಸುತ್ತಲ ಊರುಗಳ ಪಂದ್ಯದ ಕಣಗಳಲ್ಲೆಲ್ಲ ಸವಾರಿ ಮಾಡಿದ್ದ. ಹೋರಿಯ ಎದೆಗೆ ಸುತ್ತಿದ ಹಗ್ಗದಲ್ಲಿ ಒಂದು ಕೈ, ಇನ್ನೊಂದು ಗಾಳಿಯಲ್ಲಿ. ಆ ಕೈ ಎಲ್ಲಿಗೂ ತಾಗಬಾರದು, ಎಂಟು ಸೆಕೆಂಡು ಮೇಲಿರಬೇಕು, ಅಷ್ಟೆ. ಹೋರಿ ಯಾವ ಕಡೆ ತಿರುಗುತ್ತದೆಂದು ಬುದ್ಧಿಗೆ ಹೊಳೆಯುವ ಮೊದಲೇ ಸೊಂಟಕ್ಕೆ ಗೊತ್ತಾಗುತ್ತಿತ್ತು. ಒಳ್ಳೆಯ ದಿನಗಳಲ್ಲಿ ಮೈಗೆ ತೂಕವೇ ಇರುತ್ತಿರಲಿಲ್ಲ. ಅಲ್ಲಿ ಅಂಥದ್ದೇನಿದೆ ಎಂದು ಹೆಂಡತಿ ಲಿಂದಾಲ್ವಾ ಒಮ್ಮೆ ಕೇಳಿದ್ದಳು.

"ಏನೂ ಇರಲ್ಲ ಕಣೆ. ಅದಕ್ಕೇ ಹೋಗೋದು."

ಭುಜದ ಮೂಳೆ, ಪಕ್ಕೆಲುಬು, ತಂತಿ ಕಟ್ಟಿದ ದವಡೆ, ನೀರು ತುಂಬಿದ ಮಂಡಿ, ಇವೆಲ್ಲ ಲಿಂದಾಲ್ವಾಗೆ ಬಾಯಿಪಾಠವಾಗಿದ್ದವು. ತಲೆಗೆ ಬಿದ್ದ ಪೆಟ್ಟುಗಳನ್ನು ಮಾತ್ರ ಯಾರೂ ನೆನಪಿಟ್ಟಿರಲಿಲ್ಲ. ರಕ್ತ ಬಾರದ ಪೆಟ್ಟನ್ನು ಆ ಜನ ಪೆಟ್ಟೆಂದೇ ಎಣಿಸುವುದಿಲ್ಲ. ಎದ್ದು ನಿಂತು ಟೋಪಿ ಬೀಸಿದರೆ ಎಲ್ಲ ಸರಿಯಾಯಿತು.

ಹಿಂದಿನ ಚಳಿಗಾಲದಿಂದ ಅವನ ಗದ್ದ ತಾನಾಗಿ ಇಳಿಯತೊಡಗಿತ್ತು. ಸುಮ್ಮನೆ ಕುಳಿತಾಗ, ಇಗರ್ಜಿಯಲ್ಲಿ ಪೂಜೆಯ ನಡುವೆ, ತಲೆ ಥಟ್ಟನೆ ಎದೆಯ ಕಡೆಗೆ ಬಾಗಿ ಮತ್ತೆ ಮೇಲೇಳುತ್ತಿತ್ತು. ಯಾವುದಾದರೂ ಕಡ್ಡಿ ಕಚ್ಚಿ ಕತ್ತನ್ನು ಬಿಗಿಹಿಡಿದರೆ ಅದು ನಿಲ್ಲುತ್ತದೆಂದು ಅವನು ಕಂಡುಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ. ಹೆಂಡತಿಯೆದುರು ಕಡ್ಡಿ ಬಾಯಿಂದ ತೆಗೆಯುತ್ತಲೇ ಇರಲಿಲ್ಲ. ಅವಳು ಅದನ್ನು ಹೊಸ ಶೋಕಿ ಎಂದುಕೊಂಡಳು.

ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಕಣದ ಅಂಚಿನಲ್ಲಿ ಕಬ್ಬಿಣದ ಇಕ್ಕಟ್ಟು ಗೂಡಿನೊಳಗೆ ಹೋರಿಯ ಮೇಲೆ ಕುಳಿತವನು ಬಾಯಿ ತೆರೆಯುವಂತಿಲ್ಲ. ಹಲ್ಲು ಉಳಿಯಲೆಂದು ರಬ್ಬರಿನ ತುಂಡು ಕಚ್ಚಿರುತ್ತಾನೆ, ಸುತ್ತ ಗದ್ದಲ. ತಯಾರಾದಾಗ ಗದ್ದವನ್ನು ಒಮ್ಮೆ ಎದೆಗೆ ತಗ್ಗಿಸಬೇಕು. ಅದೊಂದೇ ಅಪ್ಪಣೆ. ಬಾಗಿಲಿನವನು ಆ ಕ್ಷಣವೇ ಹಗ್ಗ ಎಳೆಯುತ್ತಾನೆ. ತಡಮಾಡಿದರೆ ಹೋರಿ ಪಕ್ಕಕ್ಕೆ ಒರಗಿ ಸವಾರನ ಕಾಲು ಕಂಬಿಗೆ ಸಿಕ್ಕಿ ಪುಡಿಯಾಗುತ್ತದೆ. ಗದ್ದ ತಾನಾಗಿ ಇಳಿಯುವವನನ್ನು ಯಾರೂ ಆ ಗೂಡಿಗೆ ಬಿಡುವುದಿಲ್ಲ.

ಅವರ ಊರಿನ ಕಣದಲ್ಲಿ ಬಾಗಿಲು ಎಳೆಯುತ್ತಿದ್ದವನು ಬೆಲ್ಮಿರು. ಜುವೆನಾಲ್‌ನ ಮಗಳಿಗೆ ಜ್ಞಾನಸ್ನಾನದ ತಂದೆಯಾಗಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕುಂಪಾದ್ರೆ ಎಂದೇ ಕರೆಯುತ್ತಿದ್ದರು. ಯೋಚನೆ ಮಾಡುವವನು ಬಾಗಿಲಲ್ಲಿ ನಿಲ್ಲಬಾರದು ಎಂದು ಬೆಲ್ಮಿರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಆ ವರ್ಷದ ಕೊನೆಯ ಪಂದ್ಯಕ್ಕೆ ಮೊದಲು ಲಿಂದಾಲ್ವಾ ಗಂಡನಿಂದ ಮಾತು ತೆಗೆದುಕೊಂಡಳು. ಹಗ್ಗ ಹಿಡಿಯುವ ಅವನ ಕೈಯ ಕೊನೆಯ ಎರಡು ಬೆರಳು ಆಗಾಗ ಜೋಮು ಹಿಡಿಯುತ್ತಿದ್ದವು, ಅಷ್ಟು ಅವಳಿಗೆ ಗೊತ್ತಿತ್ತು. ಏರಿದ ಹೋರಿಯಿಂದ ಬಾಗಿಲು ತೆರೆಯುವ ಮೊದಲೇ ಇಳಿದವನನ್ನು ಆ ಊರು ಸಾಯುವವರೆಗೂ ಆಡಿಕೊಳ್ಳುತ್ತದೆ ಎಂಬುದೂ ಗೊತ್ತಿತ್ತು.

"ಬೆರಳು ಸರಿಯಿಲ್ಲ ಅನ್ನಿಸಿದ್ರೆ ಇಳಿದ್ಬಿಡು. ಊರು ನಗಲಿ ಬಿಡು. ನಿಂಗೆ ಊಟ ಹಾಕೋಳು ನಾನು, ಊರಲ್ಲ."

ಇಳಿಯುತ್ತೇನೆ ಎಂದು ಅವನು ಸವಾರರೆಲ್ಲ ನಂಬಿದ ಅಪರೆಸೀದ ಮಾತೆಯ ಪಟ ಮುಟ್ಟಿ ಹೇಳಿದ.

ಭಾನುವಾರ ಮಧ್ಯಾಹ್ನ ಸವಾರರೆಲ್ಲ ಟೋಪಿ ತೆಗೆದು ಕಣದ ಮಣ್ಣಿನಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು. ಜುವೆನಾಲ್‌ಗೆ ಚೀಟಿಯಲ್ಲಿ ಬಂದ ಹೋರಿಯ ಹೆಸರು ಡಾಕ್ಟರ್. ಬೂದುಬಣ್ಣದ, ಕತ್ತು ಕೊಬ್ಬಿದ ಪ್ರಾಣಿ. ಬೆಲ್ಮಿರು ಬಾಗಿಲಿನಿಂದಲೇ ಕೆಣಕಿದ.

"ಏನ್ ಕುಂಪಾದ್ರೆ, ಡಾಕ್ಟರ ಹತ್ರ ಹೋಗು ಅಂತ ಹೆಂಡ್ತಿ ಬೈದ್ಲು ಅಂತ ಇವನ ಹತ್ರ ಬಂದ್ಯಾ?"

"ಇವನು ಫೀಸು ಕೇಳಲ್ಲ ಕಣಯ್ಯಾ."

"ಕೇಳ್ತಾನೆ, ತಡಿ."

ಜುವೆನಾಲ್ ಹಿಡಿತ ಜಾರದಿರಲೆಂದು ಕೈಗವಸಿಗೆ ರಾಳ ತಿಕ್ಕಿ ಹೋರಿಯ ಮೇಲೆ ಕುಳಿತ. ರಬ್ಬರು ಕಚ್ಚಿ ಮುಖವನ್ನು ಆಕಾಶಕ್ಕೆ ಎತ್ತಿ ಕತ್ತು ಬಿಗಿಹಿಡಿದ. ಜನ ಅದನ್ನು ಭಕ್ತಿ ಎಂದು ತಿಳಿದಿದ್ದರು. ಗೂಡಿನ ಪಕ್ಕ ನಿಂತಿದ್ದ ಸಹಾಯಕ ಹಗ್ಗ ಜಗ್ಗಿ ಬಿಗಿದು ಅವನ ಅಂಗೈಗೆ ಕೊಟ್ಟ. ಸುತ್ತಿಕೊಂಡು ಮುಷ್ಟಿ ಮುಚ್ಚಿದ. ಮೂರು ಬೆರಳಿಗೆ ಹಗ್ಗ ಸಿಕ್ಕಿತು. ಉಳಿದೆರಡು ಅಲ್ಲಿ ಇದ್ದಂತೆಯೇ ಇರಲಿಲ್ಲ. ಬಿಚ್ಚಿ ಮತ್ತೆ ಸುತ್ತಿದ. ಮತ್ತೆ ಹಾಗೆಯೇ.

ಇಷ್ಟು ವರ್ಷಗಳಲ್ಲಿ ಅವನು ಗೂಡಿನಿಂದ ಇಳಿದದ್ದಿಲ್ಲ. ಈಗ ಇಳಿಯಬೇಕೆಂದು ತೀರ್ಮಾನಿಸಿದ. ಖಾಲಿ ಕೈಯನ್ನು ಕಂಬಿಯ ಮೇಲಿಟ್ಟು ಏಳಬೇಕು, ಮುಷ್ಟಿ ಸಡಿಲಿಸಬೇಕು, ಊರು ನಗಲಿ. ತೀರ್ಮಾನವಾದದ್ದೇ ಒಳಗೆ ಎಂಥದೋ ನೆಮ್ಮದಿಯಾಯಿತು. ಆ ನೆಮ್ಮದಿಗೆ ಬಿಗಿಹಿಡಿದ ಕತ್ತೂ ಸಡಿಲವಾಯಿತು. ಮುಖ ಕೆಳಗಿಳಿದು ಬಾಗಿಲಿನ ನೇರಕ್ಕೆ ಬಂತು. ಗದ್ದ ಇಳಿಯಿತು.

ಬೆಲ್ಮಿರು ಎಳೆದ.

ಬೇಡ ಎಂದು ಅವನು ಕೂಗಿದನೋ ಇಲ್ಲವೋ, ರಬ್ಬರಿನ ಹಿಂದಿನಿಂದ ಯಾರಿಗೂ ಕೇಳಲಿಲ್ಲ. ಡಾಕ್ಟರ್ ಮೊದಲ ನೆಗೆತಕ್ಕೇ ಎಡಕ್ಕೆ ಸುತ್ತಿತು. ಸೊಂಟ ಹಳೆಯ ಅಭ್ಯಾಸದಂತೆ ಹಿಂದೆ ಹೋಯಿತು, ಗಾಳಿಯ ಕೈ ತಾನಾಗಿ ಮೇಲೆದ್ದಿತು. ಮೈ ಅವನನ್ನು ಕೇಳದೆಯೇ ಸವಾರಿ ಮಾಡುತ್ತಿತ್ತು, ಅದೂ ವರ್ಷಗಳಿಂದ ಮಾಡದಷ್ಟು ಚೆನ್ನಾಗಿ. ತೂಕವಿಲ್ಲದ ಆ ಸ್ಥಿತಿ ಮತ್ತೆ ಬಂತು. ಬೇಡವೆಂದವನಿಗೂ ಅದು ಹಿತವಾಗಿಯೇ ಇತ್ತು, ಇದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಎಂಟು ಸೆಕೆಂಡು ಮುಗಿದ ಭೋಂಗಾ ಕೂಗಿತು. ಇಳಿಯಲು ಮುಷ್ಟಿ ಬಿಡಿಸಹೋದ, ಜೋಮುಹಿಡಿದ ಎರಡು ಬೆರಳು ಬಿಚ್ಚಲಿಲ್ಲ. ಹೋರಿ ಅವನನ್ನು ಪಕ್ಕಕ್ಕೆ ನೇತುಹಾಕಿಕೊಂಡು ಕಣವೆಲ್ಲ ಓಡಿತು. ತೋಳು ಕೀಲಿನಿಂದ ಕಳಚಿತು, ತಲೆ ಕಂಬಿಗೆ ಬಡಿಯಿತು. ರಕ್ಷಣೆಗೆ ನಿಂತವರು ಹಗ್ಗ ಬಿಡಿಸಿದಾಗ ಅವನಿಗೆ ತಾನು ಯಾವ ಊರಿನಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಆಸ್ಪತ್ರೆಗೆ ಬೆಲ್ಮಿರು ಕಿತ್ತಳೆ ಹಣ್ಣು ಹಿಡಿದು ಬಂದ. ಅಂಥ ಖಚಿತವಾದ ಸನ್ನೆಯನ್ನು ತಾನು ನೋಡಿಯೇ ಇಲ್ಲವೆಂದ. ಜುವೆನಾಲ್ ಅವನ ಮುಖ ನೋಡಿದ. ನಿಜ ಹೇಳಿದರೆ ನಾಳೆಯಿಂದ ಬೆಲ್ಮಿರು ಬಾಗಿಲಲ್ಲಿ ನಿಂತು ಯೋಚಿಸತೊಡಗುತ್ತಾನೆ. ಯಾರದೋ ಕಾಲು ಹೋಗುತ್ತದೆ. ಅವನು ಒಂದು ಕಿತ್ತಳೆ ಸುಲಿದುಕೊಡು ಎಂದ.

ಲಿಂದಾಲ್ವಾ ಪ್ರತಿದಿನ ಅನ್ನ, ಕಾಳಿನ ಸಾರು ತಂದು ತುತ್ತಿಡುತ್ತಿದ್ದಳು. ಮನೆಗೆ ಕರೆತಂದ ಮೇಲೆ ಒಂದು ದಿನ ಪಾತ್ರೆ ತೊಳೆಯುತ್ತ, ತಿರುಗದೆಯೇ, "ನೀನು ಪಟ ಮುಟ್ಟಿದ್ದೆ" ಎಂದಳು.

"ನಾನು ಇಳೀತಿದ್ದೆ ಕಣೆ."

"ಊರೆಲ್ಲಾ ನೋಡಿದೆ ನೀನು ಗದ್ದ ಇಳಿಸಿದ್ದು. ನಾನೂ ನೋಡ್ದೆ. ನಿನ್ನ ಮುರಿದ ಮೂಳೆ ಎಲ್ಲಾ ಹೊತ್ತಿದೀನಿ, ಸುಳ್ಳು ಹೊರಲ್ಲ."

"ಅದು ನಾನಲ್ಲ. ಗದ್ದ ತಾನೇ ಇಳೀತು."

"ಹಂಗಾದ್ರೆ ಇವತ್ತು ಗದ್ದಕ್ಕೇ ಊಟ ಹಾಕ್ತೀನಿ. ನೀನು ಉಪವಾಸ ಇರು."

ಈಚೆಗೆ ಮಾತುಗಳು ಅವನಿಗೆ ಬೇಕಾದಾಗ ಸಿಗುತ್ತಿರಲಿಲ್ಲ. ಹಗ್ಗಕ್ಕೆ ಸಿಕ್ಕಿದ್ದ ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಇನ್ನೊಂದರಲ್ಲಿ ಕಾಫಿ ಲೋಟ. ಕಡ್ಡಿ ಕಚ್ಚಲು ಬಾಯಿಗೆ ಬಿಡುವಿರಲಿಲ್ಲ. ಗದ್ದ ಇಳಿಯಿತು, ಕಾಫಿ ಅಂಗಿಯ ಮೇಲೆ ಚೆಲ್ಲಿತು. ಅವನು ಒರೆಸಿಕೊಳ್ಳಲೂ ಇಲ್ಲ. ಮತ್ತೊಮ್ಮೆ ಇಳಿಯಿತು.

ಲಿಂದಾಲ್ವಾ ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತಳು.

"ಈಗ್ಯಾಕೆ ತಲೆ ಆಡಿಸ್ದೆ?"

"ಆಡಿಸಿದ್ನಾ?"

ಅವಳು ಕುರ್ಚಿ ಎಳೆದು ಕುಳಿತಳು. ಬಹಳ ಹೊತ್ತು ಅವನ ಗದ್ದವನ್ನೇ ನೋಡಿದಳು.

ದೊಡ್ಡ ಊರಿನ ವೈದ್ಯರು ತಲೆಯ ಚಿತ್ರಗಳನ್ನು ಬೆಳಕಿಗೆ ಹಿಡಿದು, ಪೆಟ್ಟುಗಳಿಂದ ಮಿದುಳಿನಲ್ಲಿ ಹೋದದ್ದು ಮರಳುವುದಿಲ್ಲ, ಇನ್ನೂ ಹೋಗಬಹುದು ಎಂದರು. ಈಗ ಅವಳು ಏನು ಕೇಳಿದರೂ ಬಾಯಲ್ಲಿ ಹೇಳು ಎನ್ನುತ್ತಾಳೆ. ಅವನು ಮಾತು ಹುಡುಕುವವರೆಗೆ ಸೌಟು ಹಿಡಿದುಕೊಂಡು ಕಾಯುತ್ತಾಳೆ.

ಶನಿವಾರಗಳಂದು ಬೆಲ್ಮಿರು ಅವನನ್ನು ಅಂಗಡಿಕಟ್ಟೆಗೆ ಕರೆದುಕೊಂಡು ಹೋಗುತ್ತಾನೆ. ಡಾಕ್ಟರ್ ಹೋರಿಯ ಕಥೆ ಅಲ್ಲಿ ಇನ್ನೂ ನಡೆಯುತ್ತದೆ. ಕೈ ಸರಿಯಿಲ್ಲದಿದ್ದರೂ ಹೆದರದೆ ಸನ್ನೆ ಕೊಟ್ಟ ಗಂಡಸು ಎಂದು ಬೆಲ್ಮಿರು ಹೇಳಿ, ಹೌದಲ್ವಾ ಕುಂಪಾದ್ರೆ ಎಂದು ಇವನತ್ತ ತಿರುಗುತ್ತಾನೆ. ಜುವೆನಾಲ್ ಉತ್ತರಕ್ಕೆ ಬಾಯಿ ತೆರೆಯುತ್ತಾನೆ. ಮಾತು ಬರುವುದರೊಳಗೆ ಗದ್ದ ಇಳಿದಿರುತ್ತದೆ, ಕುಳಿತವರು ಅವನ ಹೆಸರಿಗೆ ಲೋಟ ಎತ್ತಿರುತ್ತಾರೆ.